ಎರಡನೇ ಸಲ ಕೂರಿಸಿದ ಸೊಂಟದ ಕೀಲು ಜಾರದಂತೆ ನೋಡಿಕೊಳ್ಳುವುದು ಯಾರ ಕೆಲಸ?

ನಮ್ಮ ಸೋದರತ್ತೆ ಎರಡನೇ ಸಲ ಸೊಂಟದ ಕೀಲಿನ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದು ಹತ್ತೊಂಬತ್ತು ದಿನವಾಗಿತ್ತು. ಜಗಲಿಯ ತಗ್ಗು ಕಟ್ಟೆಯ ಮೇಲೆ ಕೂತಿದ್ದವರು, ಬಲಗಾಲಿನ ಹೊರಮಗ್ಗುಲಿಗೆ ಬಿದ್ದ ಎಲೆಯಡಿಕೆ ಚೀಲ ಎತ್ತಿಕೊಳ್ಳಲು ಬಗ್ಗಿದರು. ಬಿದ್ದಿಲ್ಲ, ಎಡವಿಲ್ಲ, ಭಾರ ಎತ್ತಿಲ್ಲ. ‘ಎಂತದೋ ಕಳಚ್ಕಂಡಂಗಾಯ್ತು ಮಾರಾಯ, ಕಾಲು ನಂದಲ್ಲ ಅನ್ನಿಸ್ತು’ ಎಂದು ಆಮೇಲೆ ಹೇಳಿದರು. ನಾವು ಹೋಗಿ ನೋಡುವಾಗ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ, ಮೊಣಕಾಲು ಒಳಕ್ಕೆ ತಿರುಗಿಕೊಂಡಿತ್ತು. ಆಂಬುಲೆನ್ಸ್, ಎಕ್ಸ್-ರೇ, ಅರಿವಳಿಕೆ ಕೊಟ್ಟು ಎಳೆದು ಕೂರಿಸುವುದು ಎಲ್ಲ ಮುಗಿದು ಕೈಗೆ ಬಂದ ಡಿಸ್ಚಾರ್ಜ್ ಹಾಳೆಯಲ್ಲಿ ಕಾರಣದ ಜಾಗದಲ್ಲಿ ಒಂದೇ ಸಾಲು: ರೋಗಿ ಸೂಚನೆ ಪಾಲಿಸಿಲ್ಲ.

ಮನೆಯಲ್ಲೂ ಅದೇ ಮಾತು. ‘ಬಗ್ಗಬೇಡಿ ಅಂದ್ರೆ ಕೇಳೋದಿಲ್ಲ’ ಎಂದು ಸೊಸೆ, ‘ಆ ಹಾಳು ಎಲೆಯಡಿಕೆ ಬಿಡು ಅಂದ್ರೆ ಬಿಡಲ್ಲ’ ಎಂದು ಮಾವ. ಅತ್ತೆ ಬಗ್ಗಿದ್ದು ನಿಜ. ಆದರೆ ಊರಲ್ಲಿ ಕೀಲು ಬದಲಿಸಿಕೊಂಡವರು ಇನ್ನೂ ಹಲವರಿದ್ದಾರೆ. ಅವರೂ ಬಗ್ಗುತ್ತಾರೆ, ಅವರ ಕೀಲು ಜಾರಿಲ್ಲ. ಬಗ್ಗಿದ್ದು ಕೊನೆಯ ಕಾರಣವೇ ಹೊರತು ಮೊದಲನೆಯದಲ್ಲ. ಮೊದಲನೆಯ ಕಾರಣಗಳು ಆಪರೇಷನ್ ಥಿಯೇಟರಿನಲ್ಲಿ, ಹಲವು ಸಲ ಅದಕ್ಕೂ ಮುಂಚೆ ಸರ್ಜನ್ನರ ಮೇಜಿನ ಮೇಲಿದ್ದ ಎಕ್ಸ್-ರೇಯಲ್ಲಿ ಇರುತ್ತವೆ.

ಮೊದಲು ಲೆಕ್ಕ ನೋಡೋಣ. ಮೊದಲ ಸಲ ಸೊಂಟದ ಕೀಲು ಬದಲಿಸಿದವರಲ್ಲಿ ಅದು ಜಾರುವುದು ನೂರಕ್ಕೆ ಒಂದರಿಂದ ಮೂರು ಮಂದಿಗೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ತಮ್ಮಲ್ಲಿ ಆದ 1548 ಮರು ಆಪರೇಷನ್‌ಗಳನ್ನು ಒಟ್ಟು ಹಾಕಿ 2002ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಜಾರಿದ್ದು 7.4%. ಬೇರೆ ಆಸ್ಪತ್ರೆಗಳ ವರದಿಗಳಲ್ಲಿ ಇದು ಇನ್ನೂ ಮೇಲಕ್ಕೆ ಹೋಗಿದ್ದಿದೆ. ವಿಪರ್ಯಾಸವೆಂದರೆ ಎರಡನೇ ಆಪರೇಷನ್ ಬೇಕಾಗುವ ದೊಡ್ಡ ಕಾರಣಗಳಲ್ಲೊಂದು ಮೊದಲನೆಯದು ಜಾರಿದ್ದೇ. ಜಾರಿತೆಂದು ಸರಿ ಮಾಡಿಸಲು ಹೋಗಿ, ಸರಿ ಮಾಡಿಸಿದ್ದಕ್ಕೇ ಮತ್ತೆ ಜಾರುವ ಸುಳಿ ಇದು.

ಕೀಲಿನ ರಚನೆ ಸರಳ. ತೊಡೆಮೂಳೆಯೊಳಗೆ ಇಳಿದು ಕೂತ ಸ್ಟೆಮ್, ಅದರ ಕುತ್ತಿಗೆಯ ತುದಿಗೆ ಚೆಂಡು, ಸೊಂಟದ ಎಲುಬಿನೊಳಗೆ ಕೂರಿಸಿದ ಕಪ್, ಕಪ್ಪಿನೊಳಗೆ ಲೈನರ್ ಎಂಬ ಪ್ಲಾಸ್ಟಿಕ್ ಬಟ್ಟಲು. ಚೆಂಡನ್ನು ಬಟ್ಟಲಿಗೆ ಯಾರೂ ಕಟ್ಟಿ ಹಾಕಿರುವುದಿಲ್ಲ. ಸುತ್ತಲಿನ ಮಾಂಸಖಂಡಗಳು ಒಳಕ್ಕೆ ಒತ್ತಿ ಹಿಡಿದಿರುವುದರಿಂದಷ್ಟೇ ಅದು ಅಲ್ಲಿರುತ್ತದೆ. ಕಾಲು ಒಂದು ಮಿತಿ ಮೀರಿ ಮಡಚಿದಾಗ ಸ್ಟೆಮ್ಮಿನ ಕುತ್ತಿಗೆ ಕಪ್ಪಿನ ಅಂಚಿಗೆ ಬಡಿಯುತ್ತದೆ. ಅಲ್ಲಿಂದ ಮುಂದೆ ಕುತ್ತಿಗೆ ಹಾರೆಯ ಕೆಲಸ ಮಾಡುತ್ತದೆ. ಹೊಲದ ಬದುವಿನ ಕಲ್ಲನ್ನು ಹಾರೆ ಕೊಟ್ಟು ಮೀಟುವುದನ್ನು ನೋಡಿದವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಅಂಚಿಗೆ ಒತ್ತು ಬಿದ್ದರೆ ಚೆಂಡು ಹಿಂದಿನಿಂದ ಎದ್ದು ಹೊರಬರುತ್ತದೆ.

ಹಾಗಾದರೆ ತಡೆಯಬೇಕಾದ್ದು ಎರಡು: ಕುತ್ತಿಗೆ ಅಂಚಿಗೆ ಬಡಿಯುವುದು, ಮಾಂಸಖಂಡದ ಹಿಡಿತ ಸಡಿಲವಾಗುವುದು. ಮರು ಆಪರೇಷನ್ನಿನಲ್ಲಿ ಎರಡೂ ಕಷ್ಟ. ಎರಡನೆಯದಂತೂ ಬಲು ಕಷ್ಟ.

ಸೊಂಟದ ಮಗ್ಗುಲಲ್ಲಿ ಗ್ಲೂಟಿಯಸ್ ಮೀಡಿಯಸ್ ಎಂಬ ಮಾಂಸಖಂಡವಿದೆ. ಒಂಟಿಕಾಲಲ್ಲಿ ನಿಂತಾಗ ಸೊಂಟ ಒಂದು ಕಡೆಗೆ ವಾಲದಂತೆ ಹಿಡಿಯುವುದು ಅದೇ, ಚೆಂಡನ್ನು ಬಟ್ಟಲಿನೊಳಕ್ಕೆ ಒತ್ತುವುದೂ ಮುಖ್ಯವಾಗಿ ಅದೇ. ಹಳೆಯ ಕೀಲು ಬಿಚ್ಚಬೇಕೆಂದರೆ ಗಾಯ ಕಟ್ಟಿದ ಅಂಗಾಂಶವನ್ನು ಮತ್ತೆ ಕೊಯ್ದು, ಕೀಲಿನ ಸುತ್ತಲ ಚೀಲವನ್ನು ಮತ್ತೆ ಬಿಡಿಸಿಕೊಂಡು ಹೋಗಬೇಕು. ಕೆಲವೊಮ್ಮೆ ಈ ಮಾಂಸಖಂಡ ಅಂಟಿಕೊಂಡಿರುವ ತೊಡೆಮೂಳೆಯ ಗುಬ್ಬನ್ನೇ ಕತ್ತರಿಸಿ, ಕೊನೆಗೆ ತಂತಿ ಸುತ್ತಿ ಕೂಡಿಸಬೇಕು. ಆ ಮೂಳೆ ಕೂಡಿಕೊಳ್ಳದೆ ಹೋದರೆ ಚಪ್ಪರದ ಗೂಟ ಕಿತ್ತ ಹಾಗೆಯೇ: ಹಗ್ಗವಿದೆ, ಬಿಗಿಯಿಲ್ಲ. ಮೇಯೊದ ಅದೇ ಅಧ್ಯಯನದಲ್ಲಿ ಈ ಗುಬ್ಬು ಕೂಡದಿರುವುದು ಜಾರುವಿಕೆಯ ಪ್ರಬಲ ಕಾರಣವಾಗಿ ಎದ್ದು ಕಂಡಿತ್ತು.

ಮಾಂಸಖಂಡವನ್ನು ಕೀಲೇ ತಿಂದುಹಾಕಿದ ಪ್ರಸಂಗವೂ ನಮ್ಮ ದೇಶದಲ್ಲಿ ಆಗಿದೆ. ಲೋಹದ ಬಟ್ಟಲಿನಲ್ಲಿ ಲೋಹದ ಚೆಂಡು ಉರುಳುವ ಎಎಸ್‌ಆರ್ ಎಂಬ ಕೀಲನ್ನು ಜಾನ್ಸನ್ ಆ್ಯಂಡ್ ಜಾನ್ಸನ್‌ಗೆ ಸೇರಿದ ಡಿಪ್ಯೂ ಕಂಪನಿ 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಭಾರತದಲ್ಲಿ ಅದನ್ನು ಹಾಕಿಸಿಕೊಂಡವರು ಸುಮಾರು 4700. ಸವೆದ ಕೋಬಾಲ್ಟ್, ಕ್ರೋಮಿಯಂ ಪುಡಿ ಸುತ್ತಲಿನ ಮಾಂಸವನ್ನು ಕೊಳೆಸುತ್ತದೆ. ಅಂಥವರಿಗೆ ಎರಡನೇ ಕೀಲು ಹಾಕುವ ಸರ್ಜನ್ನಿಗೆ ಹೊಲಿಯಲು ಹಿಡಿತವಿರುವ ಅಂಗಾಂಶವೇ ಸಿಗದೆ ಹೋಗಬಹುದು. ಪರಿಹಾರದ ಮೊತ್ತದ ಬಗ್ಗೆ ಪತ್ರಿಕೆಗಳಲ್ಲಿ ಬಂದಷ್ಟು ಈ ಸಂಗತಿ ಬರಲಿಲ್ಲ.

ಎರಡನೇ ಆಪರೇಷನ್ ಎಂದರೆ ಎಂಬತ್ತು ದಾಟಿದವರ ವಿಷಯ ಎಂದುಕೊಳ್ಳುವುದೂ ಬೇಡ. ಪಾಶ್ಚಾತ್ಯ ದೇಶಗಳಲ್ಲಿ ಸೊಂಟದ ಕೀಲು ಬದಲಿಸುವುದು ಹೆಚ್ಚಾಗಿ ಮುಪ್ಪಿನ ಸವೆತಕ್ಕೆ. ನಮ್ಮಲ್ಲಿ ಅದರ ದೊಡ್ಡ ಪಾಲು ಎವಿಎನ್‌ಗೆ, ಅಂದರೆ ರಕ್ತ ಸರಿಯಾಗಿ ಹರಿಯದೆ ಚೆಂಡಿನ ಮೂಳೆ ಸಾಯುವ ಕಾಯಿಲೆಗೆ. ಸ್ಟಿರಾಯ್ಡ್ ಮಾತ್ರೆ, ಕುಡಿತ, ಕುಡುಗೋಲು ಕಣ ರಕ್ತಹೀನತೆ ಇದರ ಗೊತ್ತಿರುವ ಕಾರಣಗಳು. ಹಲವರಿಗೆ ವಯಸ್ಸು ಮೂವತ್ತು, ನಲವತ್ತು. ಮೂವತ್ತೈದಕ್ಕೆ ಹಾಕಿಸಿಕೊಂಡ ಕೀಲನ್ನು ಎಪ್ಪತ್ತೈದರವರೆಗೆ ಒಂದೇ ಸಲಕ್ಕೆ ದಾಟಿಸುವವರು ಕಡಿಮೆ. ಆದ್ದರಿಂದ ಮರು ಆಪರೇಷನ್ನಿನ ಮಾತು ನಮ್ಮಲ್ಲಿ ಮುಂದಿನ ವರ್ಷಗಳಲ್ಲಿ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈಗ ತಡೆಗಟ್ಟುವ ಕಡೆಗೆ ಬರೋಣ. ಒಳ್ಳೆಯ ಸರ್ಜನ್ ಎರಡನೇ ಆಪರೇಷನ್ನಿಗೆ ಮೊದಲು ಕೇಳಿಕೊಳ್ಳುವ ಪ್ರಶ್ನೆ ‘ಯಾವ ಇಂಪ್ಲಾಂಟ್ ಹಾಕಲಿ’ ಎಂದಲ್ಲ, ‘ಇದು ಕೆಟ್ಟದ್ದೇಕೆ’ ಎಂದು. ಕಪ್ ವಾಲಿದೆಯೇ, ಸ್ಟೆಮ್ ತಿರುಚಿ ಕೂತಿದೆಯೇ, ಮಾಂಸಖಂಡ ಸತ್ತಿದೆಯೇ, ಹೆಚ್ಚುವರಿ ಮೂಳೆ ಬೆಳೆದು ಅಡ್ಡ ಬರುತ್ತಿದೆಯೇ, ಲೈನರ್ ಸವೆದು ಬಟ್ಟಲೇ ಆಳ ಕಳೆದುಕೊಂಡಿದೆಯೇ? ಕಾರಣ ಕಪ್ಪಿನ ವಾಲಿಕೆಯಾಗಿದ್ದು ಚೆಂಡು ಮಾತ್ರ ಬದಲಿಸಿದರೆ ದುಡ್ಡೂ ಹೋಯಿತು, ಕಾಲೂ ಹೋಯಿತು. ಸೋಂಕು ಇಲ್ಲವೆಂದು ರಕ್ತಪರೀಕ್ಷೆಯಿಂದ, ಅನುಮಾನವಿದ್ದರೆ ಕೀಲಿನ ನೀರು ತೆಗೆದು ಖಾತ್ರಿ ಮಾಡಿಕೊಳ್ಳುವುದೂ ಇದೇ ಹಂತದಲ್ಲಿ.

ಕಪ್ಪನ್ನು ಎಷ್ಟು ವಾಲಿಸಬೇಕು ಎಂಬುದಕ್ಕೆ ಬಹಳ ಕಾಲ ಒಂದು ಸಿದ್ಧ ಸೂತ್ರವಿತ್ತು. 1978ರಲ್ಲಿ ಲೆವಿನೆಕ್ ಮತ್ತು ಸಂಗಡಿಗರು ಕೊಟ್ಟದ್ದು: ಮಗ್ಗುಲ ಇಳಿಜಾರು 40 ಡಿಗ್ರಿ, ಮುಂದಿನ ವಾಲಿಕೆ 15 ಡಿಗ್ರಿ, ಎರಡಕ್ಕೂ ಆಚೆ ಈಚೆ 10 ಡಿಗ್ರಿ ಅವಕಾಶ. ‘ಸುರಕ್ಷಿತ ವಲಯ’ ಎಂಬ ಆ ಹೆಸರೇ ಸರ್ಜನ್ನರಿಗೆ ನೆಮ್ಮದಿ ಕೊಡುತ್ತಿತ್ತು. ಜಾರಿದ ಕೀಲುಗಳನ್ನೇ ಗುಡ್ಡೆ ಹಾಕಿಕೊಂಡು ಮೇಯೊದವರು ಅಳೆದ ಲೆಕ್ಕ 2016ರಲ್ಲಿ ಬಂತು. 58% ಕೀಲುಗಳ ಕಪ್ ಈ ಸುರಕ್ಷಿತ ವಲಯದ ಒಳಗೇ ಇತ್ತು.

ಯಾಕೆ ಹೀಗೆ? ಸೂತ್ರ ರೋಗಿಯನ್ನು ಮಲಗಿಸಿ ಬರೆದದ್ದು. ರೋಗಿ ಎದ್ದು ಕೂರುತ್ತಾನೆ. ನಿಂತವರು ಕುರ್ಚಿಯಲ್ಲಿ ಕೂರುವಾಗ ಪೆಲ್ವಿಸ್, ಅಂದರೆ ಸೊಂಟದ ಎಲುಬಿನ ಚೌಕಟ್ಟು, ಸುಮಾರು 20 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಅದರ ಜೊತೆ ಕಪ್ಪಿನ ಬಾಯಿ ಮುಂದಕ್ಕೆ ತೆರೆದುಕೊಂಡು ಮೇಲೆ ಬರುವ ತೊಡೆಗೆ ಜಾಗ ಕೊಡುತ್ತದೆ. ಬೆನ್ನುಮೂಳೆ ಬಳುಕಿದರೆ ಮಾತ್ರ ಈ ಸೌಕರ್ಯ. ಸೊಂಟದ ಮೇಲಿನ ಬೆನ್ನೆಲುಬಿಗೆ ಸ್ಕ್ರೂ ರಾಡ್ ಹಾಕಿಸಿಕೊಂಡವರಲ್ಲಿ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಬೆನ್ನು ಬಿದಿರಿನ ಹಾಗೆ ಸೆಟೆದವರಲ್ಲಿ, ವಯಸ್ಸಿನ ಸವೆತದಿಂದ ಬೆನ್ನು ಗಟ್ಟಿಯಾದವರಲ್ಲಿ ಪೆಲ್ವಿಸ್ ಅಲ್ಲಾಡುವುದಿಲ್ಲ. ಕಪ್ಪಿನ ಬಾಯಿ ಇದ್ದಲ್ಲೇ ಇರುತ್ತದೆ, ತೊಡೆ ಮಾತ್ರ ಮೇಲೆ ಬರುತ್ತದೆ, ಕುತ್ತಿಗೆ ಅಂಚಿಗೆ ಬಡಿಯುತ್ತದೆ. ಮುಂದಿನದು ಹಾರೆಯ ಕತೆ. ಮಲೆನಾಡಿನವರಿಗೆ ಸೊಂಟ ಮತ್ತು ಬೆನ್ನು ಒಟ್ಟಿಗೆ ಕೆಡುವುದು ಹೊಸದೇನಲ್ಲ. 1970ರ ದಶಕದಲ್ಲಿ ಬೆಳಕಿಗೆ ಬಂದ, ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತ ವಂಶವಾಹಿ ಕಾಯಿಲೆಯಲ್ಲಿ ಆಗುವುದು ಅದೇ.

ಇದನ್ನು ಮುಂಚೆ ಕಂಡುಹಿಡಿಯಲು ರೋಬಾಟ್ ಬೇಕಿಲ್ಲ. ಮಗ್ಗುಲಿನಿಂದ ಎರಡು ಎಕ್ಸ್-ರೇ, ಒಂದು ನಿಂತು, ಒಂದು ಕೂತು. ತಾಲ್ಲೂಕು ಊರಿನ ಲ್ಯಾಬಿನಲ್ಲೂ ತೆಗೆಯಬಹುದು. ಎರಡರಲ್ಲೂ ಪೆಲ್ವಿಸ್ ಒಂದೇ ಭಂಗಿಯಲ್ಲಿ ಕಂಡರೆ ಕಪ್ಪನ್ನು ಇನ್ನಷ್ಟು ಮುಂದಕ್ಕೆ ವಾಲಿಸುವುದೋ, ಜಾರದ ಬಗೆಯ ಕೀಲು ಆರಿಸುವುದೋ ಎಂದು ಸರ್ಜನ್ ಮೊದಲೇ ತೀರ್ಮಾನಿಸಬಹುದು. ರೋಬಾಟಿನ ಜಾಹೀರಾತಿಗೆ ರಸ್ತೆ ಬದಿಯ ಹೋರ್ಡಿಂಗ್ ಸಿಗುತ್ತದೆ, ಈ ಎರಡು ಫಿಲ್ಮಿಗೆ ಸಿಗುವುದಿಲ್ಲ. ಮರು ಆಪರೇಷನ್ನಿಗೆ ಹೊರಟವರು ಕೇಳಿ ಪಡೆಯಬೇಕಾದ್ದು ಏನಾದರೂ ಇದ್ದರೆ ಅದು ಇದೇ ಎಂಬುದು ನನ್ನ ಅಭಿಪ್ರಾಯ.

ಇನ್ನು ಚೆಂಡಿನ ಗಾತ್ರ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಇಂದಿನ ಕೀಲಿಗೆ ಬುನಾದಿ ಹಾಕಿದಾಗ ಬಳಸಿದ್ದು ಗೋಲಿಯಷ್ಟು ಚೆಂಡು, 22 ಮಿಲಿಮೀಟರಿಗೆ ಚೂರು ಹೆಚ್ಚು. ಘರ್ಷಣೆ ಕಡಿಮೆಯಾಗಿ ಪ್ಲಾಸ್ಟಿಕ್ ಸವೆಯದಿರಲಿ ಎಂಬುದು ಅವರ ಲೆಕ್ಕ. ಸವೆತದ ಮಟ್ಟಿಗೆ ಸರಿ. ಆದರೆ ಚಿಕ್ಕ ಚೆಂಡು ಅಂಚು ದಾಟಲು ಹೋಗಬೇಕಾದ ದೂರವೂ ಚಿಕ್ಕದು, ಕುತ್ತಿಗೆ ಅಂಚಿಗೆ ಬೇಗ ತಾಗುತ್ತದೆ. ಆ ಕೀಲುಗಳನ್ನು ದಶಕಗಟ್ಟಲೆ ಹಿಂಬಾಲಿಸಿದ ಮೇಯೊ ಲೆಕ್ಕದಲ್ಲಿ ಮೊದಲ ವರ್ಷಕ್ಕೆ 1.9% ಜಾರಿದ್ದರೆ, 25 ವರ್ಷಕ್ಕೆ ಅದು 7% ಮುಟ್ಟಿತ್ತು. 1990ರ ದಶಕದ ಕೊನೆಗೆ ವಿಕಿರಣದಿಂದ ಗಟ್ಟಿಗೊಳಿಸಿದ ಪ್ಲಾಸ್ಟಿಕ್ ಬಂದ ಮೇಲೆ ಲೈನರ್ ತೆಳುವಾದರೂ ತಾಳತೊಡಗಿತು, ಚೆಂಡು ದೊಡ್ಡದಾಯಿತು. ಕೆನಡಾದ ವ್ಯಾಂಕೂವರಿನ ಸರ್ಜನ್ನರ ಮುಂದಾಳತ್ವದಲ್ಲಿ ಮರು ಆಪರೇಷನ್ನಿನವರನ್ನೇ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2012ರಲ್ಲಿ ಬಂತು: 32 ಮಿ.ಮೀ. ಚೆಂಡಿನವರಲ್ಲಿ 8.7% ಜಾರಿತು, 36 ಅಥವಾ 40 ಮಿ.ಮೀ. ಚೆಂಡಿನವರಲ್ಲಿ 1.1%.

ಹಾಗಂತ ಎಲ್ಲರಿಗೂ ದೊಡ್ಡ ಚೆಂಡೇ ಎನ್ನುವಂತಿಲ್ಲ. ಕಪ್ ಚಿಕ್ಕದಾದರೆ ದೊಡ್ಡ ಚೆಂಡು ಹಿಡಿಯುವಷ್ಟು ಲೈನರ್ ದಪ್ಪ ಉಳಿಯುವುದಿಲ್ಲ. ಸಣ್ಣ ಮೈಕಟ್ಟಿನ ನಮ್ಮ ಹೆಂಗಸರಿಗೆ ಕೂರುವುದು ಚಿಕ್ಕ ಕಪ್ಪೇ. ಕಪ್ ಸಡಿಲವಾಗಿ ಕಿತ್ತವರಲ್ಲಿ ಗುಳಿ ದೊಡ್ಡದಾಗಿರುವುದರಿಂದ ದೊಡ್ಡ ಕಪ್ ಹಾಕಬೇಕಾಗುತ್ತದೆ, ಅವರಿಗೆ ಈ ಅನುಕೂಲ ತಾನಾಗಿ ಸಿಗುತ್ತದೆ. ಗಟ್ಟಿಯಾಗಿ ಕೂತ ಹಳೆಯ ಕಪ್ ಉಳಿಸಿಕೊಂಡು ಲೈನರ್ ಮಾತ್ರ ಬದಲಿಸಿದವರಿಗೆ ಸಿಗುವುದಿಲ್ಲ. ‘ಸಣ್ಣ ಆಪರೇಷನ್, ಲೈನರ್ ಅಷ್ಟೇ’ ಎಂದು ಹೇಳುವಾಗ ಎಚ್ಚರ ಬೇಕಾದ್ದು ಇದಕ್ಕೇ: ಗಾಯ ದೊಡ್ಡದಿಲ್ಲದಿದ್ದರೂ ಆ ಗುಂಪಿನವರಲ್ಲಿ ಜಾರುವುದು ಸಣ್ಣ ಪ್ರಮಾಣದಲ್ಲೇನೂ ಅಲ್ಲ.

ಈ ಇಕ್ಕಟ್ಟಿಗೆ ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ಝೀಲ್ ಬೂಸ್ಕೆ ಎಂಬ ಸರ್ಜನ್ 1970ರ ದಶಕದಲ್ಲೇ ಒಂದು ಉಪಾಯ ಹೂಡಿದ್ದರು. ಚಿಕ್ಕ ಚೆಂಡನ್ನು ದೊಡ್ಡ ಪ್ಲಾಸ್ಟಿಕ್ ಚೆಂಡಿನೊಳಗೆ ಒತ್ತಿ ಕೂರಿಸಿ, ಆ ದೊಡ್ಡ ಚೆಂಡು ನುಣುಪಾದ ಲೋಹದ ಕಪ್ಪಿನೊಳಗೆ ತಿರುಗುವಂತೆ ಮಾಡಿದರು. ದಿನದ ಓಡಾಟಕ್ಕೆ ಒಳಗಿನ ಚೆಂಡು, ಕಾಲು ತೀರಾ ಮಡಚಿದಾಗ ಹೊರಗಿನದು. ಇದಕ್ಕೆ ಡ್ಯುಯಲ್ ಮೊಬಿಲಿಟಿ ಎಂದು ಹೆಸರು. ಫ್ರಾನ್ಸಿನಲ್ಲಿ ಮೂರು ದಶಕ ಬಳಕೆಯಾದ ಮೇಲೆ, 2009ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮರು ಆಪರೇಷನ್ನಿನಲ್ಲಿ ಇದನ್ನು 40 ಮಿ.ಮೀ. ಚೆಂಡಿನೊಂದಿಗೆ ಹೋಲಿಸಿ 2018ರಲ್ಲಿ ಮೇಯೊದವರೇ ಬರೆದರು: ಜಾರಿದ್ದು ಇದರಲ್ಲಿ 3%, ದೊಡ್ಡ ಚೆಂಡಿನಲ್ಲಿ 10%. ಚೀಟಿ ಎತ್ತಿ ಮಾಡಿದ ಪರೀಕ್ಷೆಯಲ್ಲ, ಹಳೆಯ ಕಡತ ತೆಗೆದು ಹೋಲಿಸಿದ್ದು, ಆದರೂ ವ್ಯತ್ಯಾಸ ಕಡೆಗಣಿಸುವಂಥದ್ದಲ್ಲ. ಗಟ್ಟಿಯಿರುವ ಹಳೆಯ ಕಪ್ಪಿನೊಳಗೆ ಸಿಮೆಂಟ್ ಹಾಕಿ ಇದರ ಕಪ್ ಕೂರಿಸುವ ದಾರಿಯೂ ಇದೆ.

ಇದಕ್ಕೂ ತನ್ನದೇ ರೋಗವಿದೆ. ಒಳಗಿನ ಚೆಂಡು ಹೊರಗಿನದರಿಂದ ಕಳಚಿಕೊಳ್ಳಬಹುದು, ಅದೂ ಜಾರಿದ ಕೀಲನ್ನು ಜೋರಾಗಿ ಎಳೆದು ಕೂರಿಸುವಾಗ. ಎಕ್ಸ್-ರೇಯಲ್ಲಿ ಪ್ಲಾಸ್ಟಿಕ್ ಕಾಣುವುದಿಲ್ಲ. ಲೋಹದ ಚೆಂಡು ಕಪ್ಪಿನ ನಡುವಿನಲ್ಲಿ ಇಲ್ಲದಿರುವುದನ್ನು ಕಣ್ಣಿಟ್ಟು ನೋಡಿದವರಿಗಷ್ಟೇ ಗೊತ್ತಾಗುತ್ತದೆ. ಕಾಲು ಎಳೆದು ಸರಿ ಮಾಡುವ ನಾಟಿ ಕಟ್ಟಿನವರ ಬಳಿ ಇಂಥವರನ್ನು ಕರೆದೊಯ್ಯುವುದು ಯಾಕೆ ಕೂಡದು ಎನ್ನುವುದಕ್ಕೆ ಇಷ್ಟು ಸಾಕು. ಮಾಂಸಖಂಡ ಪೂರ್ತಿ ಹೋದವರಿಗೆ ಉಳಿಯುವುದು ಚೆಂಡನ್ನು ಉಂಗುರ ಹಾಕಿ ಬೀಗ ಜಡಿಯುವ ಲೈನರ್. ಬೀಗ ಹಾಕಿದ ಬಾಗಿಲನ್ನು ಒದ್ದರೆ ಒದೆತ ಬೀಳುವುದು ಗೋಡೆಗೆ: ಜಾರಲಾಗದ ಚೆಂಡಿನ ಬಲವೆಲ್ಲ ಕಪ್ಪಿನ ಬುಡಕ್ಕೆ ಹೋಗಿ ಅದನ್ನೇ ಸಡಿಲಿಸುತ್ತದೆ, ಇಲ್ಲವೇ ಉಂಗುರ ಮುರಿಯುತ್ತದೆ. ಹಾಗಾಗಿ ಅದು ಕಡೆಯ ಉಪಾಯ.

ಲೋಹ, ಪ್ಲಾಸ್ಟಿಕ್‌ಗಳ ಮಾತಿನಲ್ಲಿ ಸೂಜಿದಾರ ಮರೆತುಹೋಗುತ್ತದೆ. ಹಿಂದಿನಿಂದ ಕೊಯ್ದು ಆಪರೇಷನ್ ಮಾಡುವವರು ಕೀಲಿನ ಚೀಲವನ್ನೂ ಸಣ್ಣ ಮಾಂಸಖಂಡಗಳನ್ನೂ ಮೂಳೆಗೆ ಮತ್ತೆ ಹೊಲಿಯತೊಡಗಿದ ಮೇಲೆ ಮೊದಲ ಆಪರೇಷನ್ನಿನವರಲ್ಲಿ ಜಾರುವುದು ಒಬ್ಬ ಸರ್ಜನ್ನರ ಕೈಯಲ್ಲಿ 4%ರಿಂದ ಸೊನ್ನೆಗೆ, ಇನ್ನೊಬ್ಬರ ಕೈಯಲ್ಲಿ 6.2%ರಿಂದ 0.8%ಗೆ ಇಳಿಯಿತೆಂದು 1998ರಲ್ಲೇ ವರದಿಯಾಗಿತ್ತು. ಮರು ಆಪರೇಷನ್ನಿನಲ್ಲಿ ಉಳಿದಿರುವ ಅಂಗಾಂಶವನ್ನಾದರೂ ಹೀಗೆ ಹೊಲಿದು ಮುಚ್ಚುವುದು ಗಂಟೆಗಟ್ಟಲೆ ನಿಂತು ದಣಿದ ಕೈ ಕೊನೆಯ ಹತ್ತು ಹದಿನೈದು ನಿಮಿಷದಲ್ಲಿ ತೋರಿಸಬೇಕಾದ ತಾಳ್ಮೆ.

ಬಿಗಿ ತರಲು ಸರ್ಜನ್ ಕೆಲವೊಮ್ಮೆ ಬೇಕೆಂದೇ ಕಾಲನ್ನು ಚೂರು ಉದ್ದ ಮಾಡುತ್ತಾರೆ. ಮನೆಗೆ ಬಂದವರು ‘ಒಂದು ಕಾಲು ಉದ್ದವಾಗಿದೆ, ಕೆಡಿಸಿಬಿಟ್ಟರು’ ಎಂದು ಬೈಯುತ್ತಾರೆ. ಮೊದಲೇ ಹೇಳಿದ್ದರೆ ಈ ಬೈಗುಳವಿರುತ್ತಿರಲಿಲ್ಲ.

ಮನೆಯ ಮಾತಿಗೆ ಬಂದರೆ, ಆಸ್ಪತ್ರೆ ಕೊಡುವ ಸೂಚನೆಯ ಹಾಳೆ ಹೆಚ್ಚಾಗಿ ಬೇರೆ ದೇಶದ ಮನೆಗೆ ಬರೆದದ್ದು. ಕಾರಿನ ಸೀಟು, ಸೋಫಾ, ಬಾತ್‌ಟಬ್. ಬಚ್ಚಲಿನ ಮಣೆ, ಈಳಿಗೆಮಣೆ, ಅಡಿಕೆ ಸುಲಿಯಲು ಕೂರುವ ಮೆಟ್ಟುಗತ್ತಿ, ದೇವರ ಮುಂದಿನ ನಮಸ್ಕಾರ, ಬಸ್ಸಿನ ಮೊದಲ ಮೆಟ್ಟಿಲು ಅದರಲ್ಲಿಲ್ಲ. ಹಿಂದಕ್ಕೆ ಜಾರುವ ಕೀಲಿಗೆ ಅಪಾಯ ಮೂರು ಚಲನೆ ಸೇರಿದಾಗ: ತೊಡೆ ಹೊಟ್ಟೆಯ ಕಡೆ ಮಡಚುವುದು, ಕಾಲು ಮೈಯ ನಡುಗೆರೆ ದಾಟುವುದು, ಮಂಡಿ ಒಳಕ್ಕೆ ತಿರುಗುವುದು. ಅತ್ತೆ ಚೀಲಕ್ಕೆ ಬಗ್ಗಿದಾಗ ತೊಡೆ ಮಡಚಿಕೊಂಡಿತು, ಮೈ ಹೊರಳಿದ್ದರಿಂದ ಕಾಲು ಒಳಕ್ಕೆ ತಿರುಗಿದಂತಾಯಿತು. ಚಕ್ಕಳಮಕ್ಕಳ ಹಾಕಿ ಕೂತಾಗ ಮಂಡಿ ಹೊರಕ್ಕೆ ತಿರುಗಿರುತ್ತದೆ. ಆ ಕೂತ ಭಂಗಿಗಿಂತ ನೆಲಕ್ಕೆ ಇಳಿಯುವ, ನೆಲದಿಂದ ಕೈಯೂರಿ ಏಳುವ ಆ ಎರಡು ಗಳಿಗೆಗಳೇ ಹೆಚ್ಚು ಕೆಟ್ಟವು. ಮುಂದಕ್ಕೆ ಜಾರುವ ಕೀಲಿಗೆ ಈ ನಿಯಮಗಳೆಲ್ಲ ಉಲ್ಟಾ. ಹಾಗಾಗಿ ‘ನನ್ನದು ಯಾವ ಕಡೆ ಜಾರುವ ಸಂಭವ’ ಎಂದು ಕೇಳದೆ ಪಾಲಿಸುವ ಸೂಚನೆ ಅರ್ಧ ಸೂಚನೆ.

ಅಪಾಯ ಹೆಚ್ಚಿರುವುದು ಮೊದಲ ಮೂರು ತಿಂಗಳು, ಕೀಲಿನ ಸುತ್ತ ಹೊಸ ಚೀಲ ಗಟ್ಟಿಯಾಗುವವರೆಗೆ. ಆ ಅವಧಿಗೆ ಒಂದೇ ಅಳತೆ ನೆನಪಿಟ್ಟರೂ ಕೆಲಸ ನಡೆಯುತ್ತದೆ: ಎಲ್ಲಿ ಕೂತರೂ ಮಂಡಿ ಸೊಂಟಕ್ಕಿಂತ ಕೆಳಗಿರಬೇಕು. ಕಮೋಡಿಗೆ ಎತ್ತರಿಸುವ ಸೀಟು, ಕುರ್ಚಿಗೆ ಗಟ್ಟಿ ದಿಂಬು, ಮಂಚದ ಕಾಲಿಗೆ ಮರದ ತುಂಡು. ಮಗ್ಗುಲಾಗಿ ಮಲಗುವಾಗ ಕಾಲುಗಳ ನಡುವೆ ದಿಂಬು. ಸೊಂಟಕ್ಕೂ ತೊಡೆಗೂ ಕಟ್ಟುವ ದುಬಾರಿ ಬೆಲ್ಟ್ ಮತ್ತೆ ಜಾರುವುದನ್ನು ತಡೆಯುತ್ತದೆಂದು ಅಧ್ಯಯನಗಳೇನೂ ತೋರಿಸಿಲ್ಲ. ಆ ದುಡ್ಡಿಗೆ ಫಿಸಿಯೋಥೆರಪಿಯವರನ್ನು ನಾಲ್ಕು ಸಲ ಮನೆಗೆ ಕರೆಸಿ, ಮನೆಯ ಜಗಲಿ, ಬಚ್ಚಲು ತೋರಿಸುವುದು ಮೇಲು.

ಅತ್ತೆಗೆ ಆ ಮಳೆಗಾಲ ಇನ್ನೆರಡು ಸಲ ಜಾರಿತು. ಬೇರೊಬ್ಬ ಸರ್ಜನ್ ಕೂರಿಸಿ, ನಿಲ್ಲಿಸಿ ಎಕ್ಸ್-ರೇ ತೆಗೆಸಿದರು. ಎರಡರಲ್ಲೂ ಬೆನ್ನು ಒಂದೇ ಗೆರೆ. ಸೊಂಟದ ಮೇಲಿನ ಬೆನ್ನೆಲುಬು ಸೆಟೆದು ಎಷ್ಟು ವರ್ಷವಾಗಿತ್ತೋ. ಕಪ್ ಅಲ್ಲಾಡದೆ ಗಟ್ಟಿಯಾಗಿದೆ, ಅದನ್ನು ಉಳಿಸಿಕೊಂಡು ಡ್ಯುಯಲ್ ಮೊಬಿಲಿಟಿಗೆ ಹೋಗಬಹುದು ಎಂದವರು, ಹಾಕಿದ್ದ ಇಂಪ್ಲಾಂಟಿನ ಸ್ಟಿಕರ್ ಕೇಳಿದರು. ಪ್ರತಿ ಕಪ್, ಲೈನರ್, ಚೆಂಡು, ಸ್ಟೆಮ್ಮಿನ ಪೆಟ್ಟಿಗೆಯೊಳಗೂ ಕಂಪನಿ, ಅಳತೆ, ಲಾಟ್ ನಂಬರಿನ ಅಂಟುಚೀಟಿ ಇರುತ್ತದೆ. ಅದು ಗೊತ್ತಿಲ್ಲದಿದ್ದರೆ ಹಳೆಯ ಸ್ಟೆಮ್ಮಿನ ಕುತ್ತಿಗೆಗೆ ಯಾವ ಚೆಂಡು ಕೂರುತ್ತದೆ, ಹಳೆಯ ಕಪ್ಪಿಗೆ ಯಾವ ಲೈನರ್ ಹೊಂದುತ್ತದೆ ಎಂದು ತಿಳಿಯುವುದಿಲ್ಲ. ಗಟ್ಟಿಯಾಗಿ ಕೂತದ್ದನ್ನೂ ಆಗ ಕೀಳಬೇಕಾಗಬಹುದು. ಎಎಸ್‌ಆರ್ ಹಾಕಿಸಿಕೊಂಡವರಲ್ಲಿ ಬಹಳ ಮಂದಿಯ ಸುಳಿವೇ ಸರ್ಕಾರಕ್ಕೆ ಸಿಗದೆ ಹೋದದ್ದೂ ಇಂಥ ಕಾಗದಪತ್ರಗಳ ಅವ್ಯವಸ್ಥೆಯಲ್ಲೇ.

ನಮ್ಮ ಫೈಲಿನಲ್ಲಿ ಮಾತ್ರೆಯ ಬಿಲ್ಲುಗಳಿದ್ದವು, ಕ್ಯಾಂಟೀನಿನ ಚೀಟಿಯೂ ಇತ್ತು, ಸ್ಟಿಕರ್ ಇರಲಿಲ್ಲ. ಮೊದಲಿನ ಆಸ್ಪತ್ರೆಯ ರೆಕಾರ್ಡ್ ಕೋಣೆಯಿಂದ ಅದರ ಜೆರಾಕ್ಸ್ ತರಿಸಿಕೊಳ್ಳಲು ಮಾವ ಮೂರು ಸಲ ಬಸ್ಸು ಹತ್ತಿದರು. ಮೂರನೇ ಆಪರೇಷನ್ ಆಗಿ ಈಗ ಎಂಟು ತಿಂಗಳು. ಜಗಲಿಯ ಕಟ್ಟೆಯ ಮೇಲೆ ಹಲಸಿನ ಹಲಗೆ ಹಾಸಿ ಒಂದು ಗೇಣು ಎತ್ತರಿಸಿದ್ದೇವೆ, ಎಲೆಯಡಿಕೆ ಚೀಲ ಕಂಬದ ಮೊಳೆಗೆ ನೇತುಬಿದ್ದಿದೆ. ಸ್ಟಿಕರಿನ ಹಾಳೆ ಅತ್ತೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ತೋಟದ ಪಹಣಿಯ ಜೊತೆಗಿದೆ.